ಬಾಕಿ ಬಂತು, ತಕರಾರು ಬರಲಿಲ್ಲ: ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ನವದೆಹಲಿ.

ಪ್ರತಿ: ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಹಾಗೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಚಿಕ್ಕಮಗಳೂರು.

ವಿಷಯ: 2013ರ ತಕರಾರಿನ ಫೋನ್ ಬಿಲ್ಲಿನ ಹೆಸರಿನಲ್ಲಿ ಹನ್ನೆರಡು ವರ್ಷದ ಬಳಿಕ ನಡೆಯುತ್ತಿರುವ ವಸೂಲಿ ಹಾಗೂ ಅದಕ್ಕೊಂದು ನಿಯಮ ರೂಪಿಸುವ ಬಗ್ಗೆ.

ಮಾನ್ಯರೇ,

ತಮ್ಮ ಪ್ರಾಧಿಕಾರವು ಬಳಕೆದಾರರ ವೈಯಕ್ತಿಕ ದೂರುಗಳನ್ನು ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ನಾನು ಬಲ್ಲೆ. 1997ರ ಕಾಯ್ದೆ ತಮಗೆ ಕೊಟ್ಟಿರುವ ಕೆಲಸ ನಿಯಮ ಮಾಡುವುದು ಮತ್ತು ಕಂಪನಿಗಳು ಅದನ್ನು ಪಾಲಿಸುವಂತೆ ನೋಡಿಕೊಳ್ಳುವುದು. ಹಾಗಾಗಿ ಮುಂದೆ ಬರೆದಿರುವುದನ್ನು ದೂರೆಂದು ಭಾವಿಸಿ ಸಂಬಂಧಪಟ್ಟ ಕಂಪನಿಗೆ ರವಾನಿಸಿ ಕೈತೊಳೆದುಕೊಳ್ಳಬಾರದೆಂದು ಮೊದಲಿಗೇ ವಿನಂತಿಸುತ್ತೇನೆ. ಕಂಪನಿಯ ಹೆಸರನ್ನು ಇಲ್ಲಿ ಬರೆದೂ ಇಲ್ಲ. ಆ ಕಂಪನಿ ಈಗ ಹಳೆಯ ಹೆಸರಿನಲ್ಲಿ ಉಳಿದೂ ಇಲ್ಲ. ನನ್ನ ಬಿಲ್ಲಿನ ಕಥೆಯನ್ನು ಹೇಳುತ್ತಿರುವುದು ನಿಯಮದಲ್ಲಿ ಎಲ್ಲಿ ತೂತಿದೆ ಎಂದು ಬೆರಳಿಟ್ಟು ತೋರಿಸಲು ಮಾತ್ರ.

ನಾನು ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಕಾಗದವನ್ನು ಹರಿದು ಹಾಕುವ ಅಭ್ಯಾಸ ನನಗಿಲ್ಲ. ಮನೆಯವಳು ಈ ಗುಣವನ್ನು ರೋಗವೆಂದೇ ಕರೆಯುತ್ತಾಳೆ. ಆದರೆ ಈ ಪತ್ರ ಬರೆಯಲು ಸಾಧ್ಯವಾಗಿರುವುದು ಆ ರೋಗದಿಂದಲೇ.

2013ರಲ್ಲಿ ನಮ್ಮ ಮನೆಯಲ್ಲಿ ಒಂದು ಪೋಸ್ಟ್‌ಪೇಯ್ಡ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸಿ ಇಂಟರ್ನೆಟ್ ಪಡೆಯುವ, ಸಿಮ್ ಇರುವ ಸಣ್ಣ ಉಪಕರಣ) ಇತ್ತು. ಮಗ ಆಗ ಇಂಜಿನಿಯರಿಂಗ್ ಓದುತ್ತಿದ್ದ, ತಿಂಗಳಿಗೆ 650 ರೂಪಾಯಿ ಬಾಡಿಗೆ, 500 ರೂಪಾಯಿ ಠೇವಣಿ. ಆ ವರ್ಷದ ಆಗಸ್ಟ್ 12ರ ಸೋಮವಾರ ಡಾಂಗಲ್ ಕೆಟ್ಟಿತೆಂದು ಕಂಪನಿಯದೇ ಮಳಿಗೆಗೆ ಒಯ್ದು ಕೊಟ್ಟೆವು. ಅವರು ಹಳದಿ ಬಣ್ಣದ ದುರಸ್ತಿ ಚೀಟಿಯೊಂದನ್ನು ಬರೆದುಕೊಟ್ಟರು. ಅದರಲ್ಲಿ ಉಪಕರಣದ ಸಂಖ್ಯೆ, ಕೊಟ್ಟ ದಿನ, 'ಸಿಮ್ ಸಹಿತ' ಎಂಬ ಒಂದು ಮಾತು ಮತ್ತು ಮಳಿಗೆಯ ಮೊಹರು ಇವೆ. ಎಂಟು ದಿನದ ಬಳಿಕ 20ನೇ ತಾರೀಖು ಮಂಗಳವಾರ ಡಾಂಗಲ್ ವಾಪಸು ಬಂತು, ಅದೇ ಚೀಟಿಯ ಕೆಳಗೆ ನನ್ನ ಮಗನ ಸಹಿಯೂ ಬಿತ್ತು. ಸೆಪ್ಟೆಂಬರ್ ಮೊದಲ ವಾರ ಬಂದ ಬಿಲ್ಲಿನಲ್ಲಿ ಆಗಸ್ಟ್ 14ರ ರಾತ್ರಿ, 15ರ ಮಧ್ಯಾಹ್ನ ಮತ್ತು 17ರ ಸಂಜೆ ಮಿತಿ ಮೀರಿ ಡಾಟಾ ಬಳಸಲಾಗಿದೆಯೆಂದು 2,840 ರೂಪಾಯಿ ಹಾಕಿದ್ದರು. ಆ ಮೂರೂ ದಿನ ಉಪಕರಣ ಕಂಪನಿಯ ಮಳಿಗೆಯ ಮೇಜಿನ ಖಾನೆಯಲ್ಲಿತ್ತು. ಯಾರು ಬಳಸಿದರು, ಅಥವಾ ಯಾರೂ ಬಳಸದೆ ಯಂತ್ರವೇ ತಪ್ಪು ಲೆಕ್ಕ ಬರೆಯಿತೋ, ನನಗೆ ತಿಳಿಯದು, ಯಾರ ಮೇಲೂ ನಾನು ಆರೋಪ ಹೊರಿಸುವುದಿಲ್ಲ. ನಾವು ಬಳಸಿಲ್ಲ ಎಂಬುದಕ್ಕೆ ಮಾತ್ರ ಕಂಪನಿಯದೇ ಮೊಹರು ಇದೆ.

ಬಿಲ್ಲನ್ನು ಎರಡು ಭಾಗ ಮಾಡಿದೆ. ಬಾಡಿಗೆ 650, ಅದರ ಮೇಲೆ ಆಗಿನ ಸೇವಾ ತೆರಿಗೆ ಶೇಕಡಾ 12.36ರಂತೆ 80 ರೂಪಾಯಿ 34 ಪೈಸೆ, ಒಟ್ಟು 730 ರೂಪಾಯಿ 34 ಪೈಸೆ. ಇದು ನಾನು ಒಪ್ಪುವ ಮೊತ್ತ. ಇದಕ್ಕೆ 731 ರೂಪಾಯಿಯ ಚೆಕ್ ಬರೆದು ಕಳಿಸಿದೆ, ಅದು ನಗದಾಯಿತು. ಉಳಿದ 2,840 ಮತ್ತು ಅದರ ತೆರಿಗೆ 351 ರೂಪಾಯಿ 2 ಪೈಸೆ, ಸೇರಿ 3,191 ರೂಪಾಯಿ 2 ಪೈಸೆ, ತಕರಾರಿನದು. ಸೆಪ್ಟೆಂಬರ್ 11ರಂದು ಗ್ರಾಹಕ ಸೇವಾ ಕೇಂದ್ರಕ್ಕೆ ಕರೆ ಮಾಡಿ ದೂರು ಕೊಟ್ಟೆ. ಎಸ್ಸೆಮ್ಮೆಸ್‌ನಲ್ಲಿ ಬಂದ ದೂರು ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಟ್ಟುಕೊಂಡೆ. ಆ ಫೋನು ಕೆಟ್ಟು ಎಷ್ಟೋ ವರ್ಷವಾಯಿತು, ಡೈರಿಯ ಪುಟ ಹಾಗೇ ಇದೆ. ಮರುದಿನ ದುರಸ್ತಿ ಚೀಟಿಯ ನಕಲು ಇಟ್ಟು ಒಂದು ಪತ್ರವನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಅದರ ಸ್ವೀಕೃತಿ ಕಾರ್ಡು ಕಂಪನಿಯ ಮೊಹರಿನೊಂದಿಗೆ ಹಿಂದಿರುಗಿತು. ರಿಜಿಸ್ಟರ್ಡ್ ಅಂಚೆಯೆಂಬುದೇ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿರುವಾಗ, ಆ ಗುಲಾಬಿ ಕಾರ್ಡನ್ನು ನೋಡಿದರೆ ಸತ್ತವರ ಸಹಿ ನೋಡಿದಂತಾಗುತ್ತದೆ.

ಬಿಲ್ಲಿನ ದೂರನ್ನು ಹೆಚ್ಚೆಂದರೆ ಆರು ವಾರದಲ್ಲಿ ತೀರಿಸಬೇಕೆಂಬುದು ತಮ್ಮದೇ ನಿಯಮವಾಗಿತ್ತು. ಆರು ವಾರ ಕಳೆದರೂ ಉತ್ತರ ಬರಲಿಲ್ಲ. ದೂರು ತೀರದಿದ್ದರೆ ಮೂವತ್ತು ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಆ ಪ್ರಾಧಿಕಾರ 39 ದಿನದಲ್ಲಿ ತೀರ್ಮಾನಿಸಬೇಕು ಎಂದು 2012ರ ದೂರು ಪರಿಹಾರ ನಿಯಮಾವಳಿ ಹೇಳುತ್ತದೆ. ಅದರಂತೆ ನವೆಂಬರ್ 7ರಂದು ಮೇಲ್ಮನವಿ ಕಳಿಸಿದೆ. 39 ದಿನವೂ ಕಳೆಯಿತು. ಬಂದದ್ದೆಂದರೆ ಪ್ರತಿ ತಿಂಗಳು ಅದೇ 3,191 ರೂಪಾಯಿಗೆ ತಡದಂಡ ಸೇರಿಸಿದ ಹೊಸ ಬಿಲ್ಲು. ಜನವರಿಯಲ್ಲಿ ಸಂಪರ್ಕವನ್ನೇ ಒಪ್ಪಿಸಿಬಿಟ್ಟೆ. ಠೇವಣಿ ಮರಳಿಸಲು ಕಂಪನಿಗೆ ಅರವತ್ತು ದಿನದ ಗಡುವಿತ್ತು. 500 ರೂಪಾಯಿ ಇಂದಿಗೂ ಬಂದಿಲ್ಲ, ನಾನೂ ಅದರ ಬೆನ್ನು ಹತ್ತಲಿಲ್ಲ.

ಗ್ರಾಹಕರ ವೇದಿಕೆಗೆ ಯಾಕೆ ಹೋಗಲಿಲ್ಲವೆಂದು ಕೇಳುವವರಿದ್ದಾರೆ. ಪರಿಚಯದ ವಕೀಲರನ್ನು ಆಗಲೇ ಕೇಳಿದ್ದೆ. ಫೋನ್ ಬಿಲ್ಲಿನ ವಿವಾದವನ್ನು 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮಿನಂತೆ ಪಂಚಾಯ್ತಿದಾರರೇ (ಮಧ್ಯಸ್ಥಗಾರರೇ) ತೀರಿಸಬೇಕು, ಗ್ರಾಹಕರ ವೇದಿಕೆಗೆ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲಿ ತೀರ್ಪು ಕೊಟ್ಟಿದೆ, ಸುಮ್ಮನೆ ಓಡಾಡಿ ಸುಸ್ತಾಗಬೇಡಿ ಎಂದರು. ಮುಂದೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ವ್ಯಾಖ್ಯೆಯೊಳಗೆ ದೂರಸಂಪರ್ಕವನ್ನು ಹೆಸರಿಟ್ಟೇ ಸೇರಿಸಿದರು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ, ಟೆಲಿಗ್ರಾಫ್ ಕಾಯ್ದೆಯ ಆ ಕಲಮು ಗ್ರಾಹಕರ ವೇದಿಕೆಯ ಬಾಗಿಲನ್ನು ಮುಚ್ಚುವುದಿಲ್ಲ ಎಂದು ಹೇಳಿತು. ಬಾಗಿಲು ತೆರೆಯಿತು, ನಿಜ. ಆದರೆ ಗ್ರಾಹಕನು ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ನನ್ನ ಎರಡು ವರ್ಷ ಅಷ್ಟರಲ್ಲಿ ಯಾವಾಗಲೋ ತೀರಿಹೋಗಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇನೆ. ನನ್ನ ತಕರಾರಿಗೆ ಎರಡು ವರ್ಷದ ಆಯುಷ್ಯ. ಕಂಪನಿ ನನ್ನ ಮೇಲೆ ದಾವೆ ಹೂಡುವುದಿದ್ದರೆ 1963ರ ಕಾಲಮಿತಿ ಕಾಯ್ದೆಯಂತೆ ಅದಕ್ಕೆ ಮೂರು ವರ್ಷದ ಆಯುಷ್ಯ. ದಾವೆ ಹೂಡದೆ ಫೋನಿನಲ್ಲಿ ಬೆದರಿಸುವುದಕ್ಕೆ ಮಾತ್ರ ಆಯುಷ್ಯದ ಮಿತಿಯೇ ಇಲ್ಲ.

ಇನ್ನು ಈ ವರ್ಷದ ಸಂಗತಿ. ಜುಲೈ 8ರ ಮಂಗಳವಾರ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಮೊದಲ ಕರೆ ಬಂತು. ನಾನು ಹಾಲು ತರಲು ಹೋಗಿದ್ದೆ, ಸೊಸೆ ತೆಗೆದುಕೊಂಡಳು. ಆ ಕಡೆಯವರು ಮೊದಲು ಹಿಂದಿಯಲ್ಲಿ, ಬಳಿಕ ಕನ್ನಡದಲ್ಲಿ, ತಾವು ಕೋರ್ಟಿನಿಂದ ಮಾತಾಡುತ್ತಿರುವುದಾಗಿ ಹೇಳಿ, "ನಿಮ್ಮ ಮಾವನವರ ಮೇಲೆ ಕೇಸಾಗಿದೆ, ಸಾಯಂಕಾಲದೊಳಗೆ ಕಟ್ಟಲಿಲ್ಲ ಅಂದ್ರೆ ಪೊಲೀಸ್ನೋರು ಮನೆಗೆ ಬರ್ತಾರೆ" ಎಂದರಂತೆ. ಮನೆಗೆ ಬಂದಾಗ ಅವಳು ಒಲೆಯ ಮೇಲಿನ ಚಟ್ನಿ ಒಗ್ಗರಣೆಯನ್ನು ಮರೆತು ನಿಂತಿದ್ದಳು, ಅಡುಗೆಮನೆಯೆಲ್ಲ ಸೀದ ಸಾಸಿವೆಯ ವಾಸನೆ. ಮದುವೆಯಾಗಿ ಬಂದು ಒಂದೂವರೆ ವರ್ಷವಾಗಿರುವ ಹುಡುಗಿ, ಮಾವನ ಮೇಲೆ ಕೇಸು ಎಂದು ಕೇಳಿದಾಗ ಅವಳ ಮನಸ್ಸಿಗೆ ಏನು ಬಂದಿತೋ ನಾನು ಕೇಳಲಿಲ್ಲ. ಈ ಇಡೀ ವ್ಯವಹಾರದಲ್ಲಿ ನನಗೆ ನಿಜವಾಗಿ ಸಿಟ್ಟು ಬಂದದ್ದು ಆ ಬೆಳಿಗ್ಗೆ ಮಾತ್ರ.

ಅಂದಿನಿಂದ ಅಕ್ಟೋಬರ್ 18ರವರೆಗೆ ಇಪ್ಪತ್ತೊಂದು ಬೇರೆಬೇರೆ ನಂಬರುಗಳಿಂದ ಅರವತ್ತಮೂರು ಕರೆಗಳು ಬಂದಿವೆ. ತಾರೀಖು, ಹೊತ್ತು, ನಂಬರು, ಹೇಳಿದ ಮೊತ್ತ, ಹೀಗೆ ನಾಲ್ಕು ಕಾಲಂ ಹಾಕಿ ಬರೆದಿಟ್ಟಿದ್ದೇನೆ. ಎಲ್ಲವೂ ಸಾಮಾನ್ಯ ಹತ್ತಂಕಿಯ ಮೊಬೈಲ್ ನಂಬರುಗಳೇ. ಮೊತ್ತದ ಕಾಲಮನ್ನು ನೋಡಿದರೆ ಲೆಕ್ಕದವನಿಗೆ ನಗು ಬರುತ್ತದೆ. ಮೊದಲ ದಿನ 9,874. ಯಾವ ಬಡ್ಡಿ, ಯಾವ ದರ ಎಂದು ಕೇಳಿದರೆ "ಸಿಸ್ಟಮ್ಮಲ್ಲಿ ಹಾಗಿದೆ". ಹದಿನೈದು ದಿನದ ಬಳಿಕ 'ಸೆಟಲ್‌ಮೆಂಟ್' 5,000. ಆಗಸ್ಟಿನಲ್ಲಿ 2,500. ಒಂದು ಶನಿವಾರ ಸಂಜೆ, "ಇವತ್ತೇ ಆದ್ರೆ ಒಂದೂವರೆ ಸಾವಿರ ಹಾಕ್ಬಿಡಿ ಸಾರ್, ಮುಗಿಸ್ಬಿಡೋಣ". ಕತ್ತಲಾಗುವ ಹೊತ್ತಿಗೆ ಸಂತೆಯಲ್ಲಿ ಸೊಪ್ಪಿನ ಕಟ್ಟಿನ ಬೆಲೆ ಇಳಿಯುವುದನ್ನು ನೋಡಿದ್ದೇನೆ. ಸಾಲವೊಂದು ಹಾಗೆ ಇಳಿಯುವುದನ್ನು ನೋಡಿದ್ದು ಇದೇ ಮೊದಲು.

ನಾನು ಜಗ್ಗದಿದ್ದಾಗ ಕಡೂರಿನಲ್ಲಿರುವ ನನ್ನ ಭಾವಮೈದುನನಿಗೆ ಕರೆ ಹೋಯಿತು. ಅವನ ನಂಬರು ಅವರಿಗೆ ಎಲ್ಲಿ ಸಿಕ್ಕಿತೆಂಬುದು ಇಂದಿಗೂ ಬಗೆಹರಿದಿಲ್ಲ. 2013ರಲ್ಲಿ ಅರ್ಜಿ ತುಂಬುವಾಗ ಇನ್ನೊಬ್ಬರ ನಂಬರು ಕೊಡಿ ಎಂದು ಕೇಳಿದ್ದಕ್ಕೆ ಅವನದನ್ನೇ ಬರೆದಿದ್ದಿರಬೇಕು. ಅವನು ನನ್ನ ಮೇಲಿನ ಮರ್ಯಾದೆಗೆ ತಾನೇ ದುಡ್ಡು ಹಾಕಿ ಕೈತೊಳೆಯಲು ಹೊರಟಿದ್ದ. ನಾನು ಬೈದು ತಡೆದೆ.

ಆಮೇಲೆ ವಾಟ್ಸಾಪಿನಲ್ಲಿ ಒಂದು 'ಲೋಕ ಅದಾಲತ್ ನೋಟಿಸ್' ಬಂತು. ಮೇಲೆ ತಕ್ಕಡಿಯ ಚಿತ್ರ, ನಡುವೆ ಕೇಸ್ ನಂಬರಿನಂತೆ ಕಾಣುವ ಉದ್ದದ ಸಂಖ್ಯೆ, ಕೆಳಗೆ ಸಹಿಯಿಲ್ಲದ ನೀಲಿ ಮೊಹರು, ಹಾಜರಾಗದಿದ್ದರೆ ವಾರಂಟ್ ಎಂಬ ದಪ್ಪ ಅಕ್ಷರ. ಅದನ್ನು ಕಾಗದದ ಮೇಲೆ ಮುದ್ರಿಸಿಕೊಂಡು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋದೆ. ಅಲ್ಲಿನ ಸಿಬ್ಬಂದಿ ರಿಜಿಸ್ಟರ್ ತೆಗೆದು ನೋಡಿ, ಅಂಥ ಪ್ರಕರಣವೇ ದಾಖಲಾಗಿಲ್ಲ ಎಂದು ತಿಳಿಸಿದರು. ಅಷ್ಟೇ ಅಲ್ಲ, ನಿಜವಾದ ನೋಟಿಸೇ ಬಂದಿದ್ದರೂ ಹೆದರಬೇಕಾದ್ದಿಲ್ಲ ಎಂಬುದನ್ನೂ ಅಂದು ತಿಳಿದುಕೊಂಡೆ. ದಾವೆ ಹೂಡುವ ಮುನ್ನವೇ ರಾಜಿಗಾಗಿ ಲೋಕ ಅದಾಲತಿಗೆ ಇಂಥ ಬಿಲ್ಲುಗಳನ್ನು ತರಲು ಕಂಪನಿಗಳಿಗೆ ಅವಕಾಶವಿದೆ, ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಅಲ್ಲಿ ನಡೆಯುವುದು ರಾಜಿ ಮಾತ್ರ. ಇಬ್ಬರೂ ಒಪ್ಪಿದರೆ ಆದೇಶ, ಒಬ್ಬರು ಒಪ್ಪದಿದ್ದರೆ ಏನೂ ಇಲ್ಲ. ವಾರಂಟಿನ ಮಾತು ಶುದ್ಧ ಸುಳ್ಳು. ಫೋನ್ ಬಿಲ್ ಕಟ್ಟದಿರುವುದು ಸಿವಿಲ್ ವ್ಯಾಜ್ಯ, ಅದಕ್ಕಾಗಿ ಪೊಲೀಸರು ಯಾರ ಮನೆಗೂ ಬರುವುದಿಲ್ಲ. ತಮ್ಮ ಪಾಡಿಗೆ ಜನರಿಗೆ ನ್ಯಾಯ ಹತ್ತಿರವಾಗಲೆಂದು ದುಡಿಯುವ ಸಂಸ್ಥೆಯೊಂದರ ಹೆಸರನ್ನು ಹೀಗೆ ಗುಮ್ಮನನ್ನಾಗಿ ಮಾಡಿರುವುದನ್ನು ಜಿಲ್ಲಾ ಪ್ರಾಧಿಕಾರದವರು ಗಂಭೀರವಾಗಿ ಪರಿಗಣಿಸಬೇಕು. 15100 ಎಂಬ ಕಾನೂನು ನೆರವಿನ ಸಹಾಯವಾಣಿ ಇದೆಯೆಂಬುದು ನೋಟಿಸ್ ಬಂದ ಹತ್ತರಲ್ಲಿ ಒಂಬತ್ತು ಮನೆಗಳಿಗೆ ತಿಳಿದಿರಲಾರದು.

ಆ ಕಾಗದವನ್ನೇ ಹಿಡಿದು ಪೊಲೀಸ್ ಠಾಣೆಯೊಂದಕ್ಕೂ ಹೋದೆ. ಬರೆದುಕೊಳ್ಳಲು ಕುಳಿತವರು ಒಳ್ಳೆಯವರೇ, ಕುರ್ಚಿ ಕೊಟ್ಟರು. "ಮೈಕ್ರೋ ಫೈನಾನ್ಸಾ ಯಜಮಾನ್ರೇ?" ಎಂದು ಕೇಳಿ ಪೆನ್ನಿನ ಮುಚ್ಚಳ ತೆಗೆದರು. ಅಲ್ಲ, ಹಳೇ ಫೋನ್ ಬಿಲ್ಲು ಎಂದೆ. ಮುಚ್ಚಳ ಮತ್ತೆ ಪೆನ್ನಿಗೆ ಹೋಯಿತು. "ಇದು ಸಿವಿಲ್ ಬರುತ್ತೆ."

ಅವರನ್ನು ನಾನು ದೂರುವುದಿಲ್ಲ, ಅವರ ಕೈಗೆ ಕೊಟ್ಟಿರುವ ಕಾನೂನೇ ಹಾಗಿದೆ. ಸಾಲ ವಸೂಲಿಯ ಕಿರುಕುಳದಿಂದ ಜನ ಊರು ಬಿಟ್ಟು ಹೋಗುವಂತಾದಾಗ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಬಳಿಕ ಅದು ಶಾಸನವೂ ಆಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ಎಂದು ಅದರಲ್ಲಿದೆ. ಆದರೆ ಅದು ಕಿರುಸಾಲ, ಸಣ್ಣ ಸಾಲ ಕೊಟ್ಟವರಿಗೆ ಅನ್ವಯಿಸುವ ಕಾನೂನು, ಫೋನ್ ಬಿಲ್ಲು ಸಾಲವಲ್ಲ. ಬ್ಯಾಂಕುಗಳ ವಸೂಲಿ ಏಜೆಂಟರಿಗೆ ರಿಸರ್ವ್ ಬ್ಯಾಂಕು 2008ರಿಂದಲೂ ಕಟ್ಟುಪಾಡು ಹಾಕಿದೆ. 2022ರ ಆಗಸ್ಟಿನ ಸುತ್ತೋಲೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಬಳಿಕ ಬಾಕಿಗಾಗಿ ಕರೆ ಮಾಡಕೂಡದು, ಸಾಲಗಾರನ ಮನೆಯವರ, ಸ್ನೇಹಿತರ ನೆಮ್ಮದಿ ಕೆಡಿಸಕೂಡದು ಎಂದು ಸ್ಪಷ್ಟವಾಗಿ ಬರೆದಿದೆ. ಅದೂ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಗೆ ಮಾತ್ರ, ದೂರಸಂಪರ್ಕ ಕಂಪನಿಗಳು ರಿಸರ್ವ್ ಬ್ಯಾಂಕಿನ ಅಂಕೆಗೆ ಬರುವುದಿಲ್ಲ. ಹೀಗಾಗಿ ಬ್ಯಾಂಕಿನಿಂದ ಐದು ಲಕ್ಷ ಸಾಲ ತಂದು ನಿಜವಾಗಿಯೂ ಕಟ್ಟದೆ ಕೂತವನಿಗೆ ಏಳೂ ಇಪ್ಪತ್ತಕ್ಕೆ ಕರೆ ಮಾಡುವುದು ತಪ್ಪು, 3,191 ರೂಪಾಯಿಯ ತಕರಾರು ಎತ್ತಿದವನಿಗೆ ಅದೇ ಹೊತ್ತಿನಲ್ಲಿ ಕರೆ ಮಾಡುವುದಕ್ಕೆ ಅಡ್ಡಿಯಿಲ್ಲ. ಒಂದೇ ಏಜೆನ್ಸಿಯ ಒಂದೇ ಮೇಜಿನಲ್ಲಿ ಕೂತು ಎರಡೂ ಪಟ್ಟಿಗೆ ಕರೆ ಮಾಡುವವರಿದ್ದಾರೆಂದು ಕೇಳಿದ್ದೇನೆ.

ಪೊಲೀಸ್ ವರಿಷ್ಠಾಧಿಕಾರಿಗಳಲ್ಲಿ ನನ್ನ ಅರಿಕೆ ಇಷ್ಟೇ. ಬಾಕಿ ಸಿವಿಲ್ ಎಂಬುದು ಸರಿ. ಆದರೆ ತಾನು ಕೋರ್ಟಿನವನು, ಪೊಲೀಸಿನವನು ಎಂದು ಹೇಳಿಕೊಂಡು ಹೆದರಿಸುವುದು ಸಿವಿಲ್ ಅಲ್ಲ. ಸರ್ಕಾರಿ ನೌಕರನಂತೆ ನಟಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮಿದೆ, ಬೆದರಿಕೆಗೆ 351ನೇ ಕಲಮಿದೆ. ಠಾಣೆಗೆ ಬಂದವನನ್ನು ಬಿಲ್ಲಿನ ಮಾತಿಗೇ ವಾಪಸು ಕಳಿಸದೆ, ಕರೆಯಲ್ಲಿ ಏನು ಹೇಳಿದರು ಎಂಬುದನ್ನೊಮ್ಮೆ ಕೇಳಿ, ಕನಿಷ್ಠ ಒಂದು ಹಿಂಬರಹವನ್ನಾದರೂ (ದೂರಿಗೆ ಠಾಣೆಯ ಲಿಖಿತ ಉತ್ತರ) ಕೊಡುವಂತೆ ಠಾಣೆಗಳಿಗೆ ಸೂಚಿಸಬೇಕು. ಹಿಂಬರಹ ಕೈಯಲ್ಲಿದ್ದರೆ ಮುಂದಿನ ಕರೆ ಬಂದಾಗ ಓದಿ ಹೇಳಲು ಏನಾದರೂ ಇರುತ್ತದೆ.

ಅಧ್ಯಕ್ಷರೇ, ಇಷ್ಟು ಹೇಳಿದ ಮೇಲೆ ತಮಗೆ ಸಂಬಂಧಿಸಿದ ಮಾತಿಗೆ ಬರುತ್ತೇನೆ. ದೀಪಾವಳಿಗೆ ಎರಡು ದಿನ ಮುಂಚೆ, ಅಕ್ಟೋಬರ್ 18ರ ಶನಿವಾರ ಹನ್ನೊಂದು ಗಂಟೆಗೆ ಗೇಟಿನ ಮುಂದೆ ಸ್ಕೂಟರೊಂದು ನಿಂತಿತು. ಇಪ್ಪತ್ತಮೂರು, ಇಪ್ಪತ್ತನಾಲ್ಕು ವಯಸ್ಸಿನ ಹುಡುಗ, ಮಾತಿನ ರಾಗ ತರೀಕೆರೆ ಕಡೆಯದು. ಬೀದಿಗೆ ಕೇಳುವಂತೆ ನನ್ನ ಹೆಸರು ಕೂಗಿ ಬಾಕಿಯ ಮಾತು ತೆಗೆದ. ಎದುರುಮನೆಯ ಕಿಟಕಿ ತೆರೆಯಿತು. ಒಳಗೆ ಬಾರಪ್ಪ, ಕೂತು ಮಾತಾಡೋಣ ಎಂದು ಜಗಲಿಗೆ ಕರೆದೆ. ಬಂದು ಕೂತ ಮೇಲೆ ಅವನ ಧ್ವನಿ ತಾನಾಗಿ ತಗ್ಗಿತು. ಕಾಫಿ ಕೊಟ್ಟೆವು. ಕಂಪನಿಯ ಅಧಿಕಾರಪತ್ರ ಕೇಳಿದೆ, ಇರಲಿಲ್ಲ. ಗುರುತಿನ ಚೀಟಿ ಕೇಳಿದೆ, "ಆಫೀಸಲ್ಲಿದೆ ಸಾರ್" ಎಂದ. ಹಾಗಾದರೆ ನಿನ್ನ ಹತ್ತಿರ ಏನಿದೆ ಎಂದಾಗ ಫೋನು ತೆಗೆದು ಒಂದು ಪಟ್ಟಿ ತೋರಿಸಿದ.

ಕನ್ನಡಕ ಹಾಕಿಕೊಂಡು ಆ ಪಟ್ಟಿಯನ್ನು ಸಾಲಾಗಿ ಓದಿದೆ. ಹೆಸರು, ಹಳೆಯ ನಂಬರು, ಈಗಿನ ನಂಬರು, ವಿಳಾಸ, ಊರು, ಬಾಕಿ ಮೊತ್ತ, ಬಾಕಿ ಬಿದ್ದು ಎಷ್ಟು ದಿನ, ಪರ್ಯಾಯ ನಂಬರು, ಷರಾ. ನನ್ನ ಸಾಲಿನಲ್ಲಿ ದಿನದ ಲೆಕ್ಕ 4,411 ಎಂದಿತ್ತು. ಮನಸ್ಸಿನಲ್ಲೇ ಕೂಡಿ ನೋಡಿದೆ, 2013ರ ಸೆಪ್ಟೆಂಬರ್ 20ರ ಗಡುವಿನಿಂದ ಆ ದಿನಕ್ಕೆ ಸರಿಯಾಗಿ 4,411. ಮೂರು ಅಧಿಕ ವರ್ಷಗಳನ್ನೂ ಬಿಟ್ಟಿರಲಿಲ್ಲ. ಅಷ್ಟು ಚೊಕ್ಕವಾಗಿ ದಿನ ಎಣಿಸುವ ಆ ಪಟ್ಟಿಯಲ್ಲಿ ನನ್ನ ದೂರು ಸಂಖ್ಯೆ ಎಲ್ಲಿಯೂ ಇರಲಿಲ್ಲ, ಮೇಲ್ಮನವಿಯ ಸುದ್ದಿಯಿರಲಿಲ್ಲ, ನಾನು ಕಟ್ಟಿದ 731 ರೂಪಾಯಿಯೂ ಇರಲಿಲ್ಲ, ಅವರ ಬಳಿಯೇ ಉಳಿದ 500 ರೂಪಾಯಿ ಠೇವಣಿಯೂ ಇರಲಿಲ್ಲ. ಒಳಗಿನಿಂದ ಫೈಲು ತಂದು ಹಳದಿ ಚೀಟಿ ತೋರಿಸಿದೆ. ಹುಡುಗ ಅದನ್ನು ಎರಡು ಸಲ ತಿರುಗಿಸಿ ನೋಡಿ ಹೇಳಿದ: "ಸಾರ್, ನೀವು ಹೇಳೋದು ಸರಿ ಇರ್ಬೋದು. ಆದ್ರೆ ಇದನ್ನ ಹಾಕೋದಕ್ಕೆ ನನಗೆ ಕಾಲಂ ಇಲ್ಲ. ಷರಾದಲ್ಲಿ ನಾನು 'ಕಟ್ತಾರೆ', 'ಕಟ್ಟಲ್ಲ', 'ಮನೇಲಿಲ್ಲ', ಮೂರೇ ಹಾಕ್ಬೋದು." ನನ್ನ ಮುಂದೆ ಯಾವುದನ್ನು ಹಾಕಿದನೋ ನೋಡಲಿಲ್ಲ. ದಿನಕ್ಕೆ ಮೂವತ್ತು ಮನೆ ಮುಗಿಸಬೇಕಂತೆ. ಲೋಟ ತೊಳೆಯುವ ಜಾಗಕ್ಕೆ ತಾನೇ ಇಟ್ಟು ಹೋದ.

ನಾನು ಕೆಲಸ ಮಾಡಿದ ಕಾರ್ಖಾನೆಗೆ ಬೆಳೆಗಾರರು ಪಾರ್ಚ್‌ಮೆಂಟನ್ನೂ ಚೆರಿಯನ್ನೂ (ಸಿಪ್ಪೆ ಬಿಡಿಸದ ಒಣ ಕಾಫಿಯ ಎರಡು ಬಗೆ) ಮೂಟೆಗಟ್ಟಿ ತಂದು ಕೊಡುತ್ತಿದ್ದರು. ಸಿಪ್ಪೆ ಬಿಡಿಸಿ, ದರ್ಜೆ ಮಾಡಿ, ಇಷ್ಟು ಮೂಟೆಗೆ ಇಷ್ಟು ಕಿಲೋ ಬೀಜ ಬಂತು ಎಂಬ ಔಟ್‌ಟರ್ನ್ ಲೆಕ್ಕ ಕೊಡುವುದು ನಮ್ಮ ಕೆಲಸ. ಬಾಳೂರಿನ ಕಡೆಯವರೋ ಮೂಡಿಗೆರೆಯವರೋ, ಬೀಜ ಕಡಿಮೆ ಬಂತು ಎಂದು ಒಬ್ಬರಾದರೂ ಪ್ರತಿ ಸೀಸನ್ನಿನಲ್ಲಿ ತಕರಾರು ಎತ್ತುತ್ತಿದ್ದರು. ಬಹಳ ಸಲ ನಮ್ಮ ಲೆಕ್ಕವೇ ಸರಿಯಿರುತ್ತಿತ್ತು, ಕೆಲವು ಸಲ ಅವರದು. ಯಾರದು ಸರಿಯೆಂದು ತೀರ್ಮಾನವಾಗುವವರೆಗೆ ಆ ಲಾಟಿನ ಎದುರು ಕೆಂಪು ಶಾಯಿಯಲ್ಲಿ 'ತಕರಾರು' ಎಂದು ಬರೆಯುತ್ತಿದ್ದೆವು. ವರ್ಷ ಮುಗಿದು ಹೊಸ ಪುಸ್ತಕಕ್ಕೆ ಬಾಕಿ ಇಳಿಸುವಾಗ ಅಂಕಿಯ ಜೊತೆ ಆ ಕೆಂಪು ಅಕ್ಷರವನ್ನೂ ಇಳಿಸಬೇಕು. ಅಂಕಿ ಇಳಿಸಿ ಅಕ್ಷರ ಬಿಟ್ಟರೆ ನಮ್ಮ ಹಿರಿಯ ಲೆಕ್ಕಿಗರು ಪುಸ್ತಕ ಮುಚ್ಚಿ ಮುಖಕ್ಕೆ ಹಿಡಿಯುತ್ತಿದ್ದರು. ಮೂರನೇ ಪುಸ್ತಕಕ್ಕೆ ಹೋಗುವಷ್ಟರಲ್ಲಿ ಅದು ತಕರಾರೆಂಬುದನ್ನು ಬಲ್ಲವನು ಯಾರೂ ಉಳಿದಿರುವುದಿಲ್ಲ, ಬಾಕಿ ಮಾತ್ರ ಉಳಿದಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ನನ್ನ ಬಿಲ್ಲಿಗೆ ಆಗಿರುವುದು ಇದೇ. ಕಂಪನಿ ಇನ್ನೊಂದರಲ್ಲಿ ಸೇರಿತು, ಹಳೆಯ ಬಾಕಿಗಳು ಒಂದು ಏಜೆನ್ಸಿಗೆ ಹೋದವು, ಅಲ್ಲಿಂದ ಇನ್ನೊಂದಕ್ಕೆ ಹೋದವು. ಪ್ರತಿ ಸಲವೂ ಅಂಕಿ ಇಳಿಯಿತು, ಅಕ್ಷರ ಉದುರಿತು. ಕೊನೆಗೆ ನನ್ನ ಜಗಲಿಯ ಮೇಲೆ ಕೂತ ಹುಡುಗನಿಗೆ ಸುಳ್ಳು ಹೇಳುವ ಉದ್ದೇಶವೂ ಇರಲಿಲ್ಲ, ನಿಜ ತಿಳಿಯುವ ದಾರಿಯೂ ಇರಲಿಲ್ಲ.

ತಮ್ಮಿಂದ ನಾನು ಬಯಸುವ ಮುಖ್ಯ ನಿಯಮ ಆದ್ದರಿಂದ ಒಂದೇ. ಯಾವುದೇ ಬಿಲ್ಲಿನ ಮೇಲೆ ದೂರು ಅಥವಾ ಮೇಲ್ಮನವಿ ದಾಖಲಾಗಿ, ಕಾರಣ ಸಹಿತವಾದ ಲಿಖಿತ ಉತ್ತರವನ್ನು ಕಂಪನಿ ಕೊಟ್ಟಿಲ್ಲವಾದರೆ ಆ ಮೊತ್ತವನ್ನು ವಸೂಲಿಗೆ ಹೊರಗಿನವರಿಗೆ ಒಪ್ಪಿಸಕೂಡದು, ಉತ್ತರ ಕೊಟ್ಟಿದ್ದರೆ ದೂರು ಸಂಖ್ಯೆ ಮತ್ತು ಉತ್ತರದ ಪ್ರತಿ ಎರಡೂ ಬಾಕಿಯ ಜೊತೆಗೇ ಹೋಗಬೇಕು, ಕಂಪನಿ ಮತ್ತೊಂದರಲ್ಲಿ ಸೇರಿದರೂ ಈ ಹೊಣೆ ಸೇರಿಕೊಂಡವರ ಮೇಲೆ ಉಳಿಯಬೇಕು. ಹುಡುಗನ ಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚಿಸಿ ಎಂಬುದೇ ನನ್ನ ಕೋರಿಕೆ. ಸಾವಿರಾರು ಸಾಲುಗಳ ಪಟ್ಟಿಯಲ್ಲಿ ದಿನ ಎಣಿಸುವ ಯಂತ್ರಕ್ಕೆ ಇದು ಭಾರವಾಗಲಾರದು.

ಉಳಿದವನ್ನು ತಾವು ಹೊಸದಾಗಿ ಯೋಚಿಸಬೇಕಾಗಿಯೂ ಇಲ್ಲ. ಬ್ಯಾಂಕುಗಳ ಏಜೆಂಟರಿಗೆ ಇರುವ ಎಂಟರಿಂದ ಏಳರ ಹೊತ್ತು, ಬಂಧುಗಳಿಗೆ ಕರೆ ಮಾಡದಿರುವ ಕಟ್ಟು, ಅಧಿಕಾರಪತ್ರ ತೋರಿಸುವ ಹೊಣೆ, ಇವನ್ನು ಹಾಗೇ ಎತ್ತಿಕೊಂಡರೆ ಸಾಕು. ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನು ಗೊತ್ತುಮಾಡಿರುವ ವ್ಯವಸ್ಥೆ ಈಗಾಗಲೇ ಇರುವಾಗ, ನಂಬರುಗಳನ್ನೇ ವ್ಯಾಪಾರ ಮಾಡುವ ಕಂಪನಿಗಳ ಪರವಾಗಿ ಕರೆ ಮಾಡುವವರು ಇಪ್ಪತ್ತೊಂದು ಬಿಡಿ ಮೊಬೈಲುಗಳಿಂದ ಕರೆ ಮಾಡುವುದಕ್ಕೆ ಏನು ಸಮಜಾಯಿಷಿ ಇದೆ? ಹಣ ಕಟ್ಟುವುದು ಕಂಪನಿಯ ಖಾತೆಗೆ ಮಾತ್ರ, ಏಜೆಂಟನ ಸ್ವಂತ ಯುಪಿಐಗೆ ಅಲ್ಲ ಎಂಬುದೂ ಬರೆದಿರಬೇಕು. ಬೇಲೂರಿನಲ್ಲಿರುವ ನನ್ನ ತಂಗಿಯ ಮಗ ಇಂಥದೇ ಒಂದು ಹಳೆಯ ಬಾಕಿಗೆ ಪೀಡೆ ತೊಲಗಲೆಂದು ಒಬ್ಬರ ಯುಪಿಐಗೆ 2,300 ರೂಪಾಯಿ ಹಾಕಿದ. ತಿಂಗಳ ಬಳಿಕ ಬೇರೊಂದು ಏಜೆನ್ಸಿಯವರು ಅದೇ ಬಾಕಿಗೆ ಕರೆ ಮಾಡಿದರು. ಮೊದಲಿನವನು ನಿಜವಾದ ಏಜೆಂಟನೋ ಮೋಸಗಾರನೋ ಎಂಬುದು ಅವನಿಗೆ ತಿಳಿಯಲೇ ಇಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಲು ಹೇಳುವಷ್ಟರಲ್ಲಿ ಬಹಳ ದಿನವಾಗಿತ್ತು.

ಇಂಥ ಕರೆಗಳಲ್ಲಿ ಹಾಕುವ, ಸಿಬಿಲ್ (ಸಾಲ ತೀರಿಸುವ ನಡವಳಿಕೆಗೆ ಕೊಡುವ ಅಂಕ) ಕೆಡುತ್ತದೆ ಎಂಬ ಬೆದರಿಕೆಯ ಬಗ್ಗೆ ಒಂದು ಮಾತು. ವರ್ಷಕ್ಕೊಮ್ಮೆ ಸಾಲದ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ಎಲ್ಲರಿಗೂ ಇದೆ. ಮಗ ನನ್ನದನ್ನು ತೆಗೆದು ನೋಡಿದ, ಈ ಬಾಕಿಯ ಸುಳಿವೇ ಅದರಲ್ಲಿಲ್ಲ. ಇದ್ದು, ತಪ್ಪೆಂದು ದೂರು ಕೊಟ್ಟು, ಮೂವತ್ತು ದಿನದೊಳಗೆ ಸರಿಯಾಗದಿದ್ದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಹೇಳಿದೆ. ಹೆದರಿ ದುಡ್ಡು ಹಾಕುವ ಮುನ್ನ ಆ ವರದಿಯನ್ನು ನೋಡಿಕೊಳ್ಳಬೇಕೆಂದು ಇದನ್ನು ಓದುವ ಇತರರಿಗೂ ಹೇಳುತ್ತೇನೆ. ಹಾಗೆಯೇ, "ಕಟ್ತೀನಿ ಅಂತ ಒಂದು ಮೆಸೇಜ್ ಹಾಕಿ ಸಾಕು" ಎಂದು ಕೇಳುವವರಿಗೆ ಬರಹದಲ್ಲಿ ಏನನ್ನೂ ಒಪ್ಪಿ ಕೊಡಬಾರದು. ಕಾಲಮಿತಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಬರೆದು ಸಹಿ ಮಾಡಿದರೆ 1872ರ ಕರಾರು ಕಾಯ್ದೆಯ 25ನೇ ಕಲಮಿನಂತೆ ಅದು ಹೊಸ ಕರಾರೇ ಆಗುತ್ತದೆ, ಸತ್ತ ಬಾಕಿಗೆ ಜೀವ ಬರುತ್ತದೆ.

ಮೂರು ವರ್ಷ ಕಳೆಯಿತು, ಇನ್ನು ಕೊಡಬೇಕಾಗಿಲ್ಲ ಎಂಬ ವಾದದ ಹಿಂದೆ ನಾನು ಅಡಗಿ ಕೂತಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಕಾಲಮಿತಿ ಕಾಯ್ದೆ ಮುಚ್ಚುವುದು ಕೋರ್ಟಿನ ಬಾಗಿಲನ್ನು, ಋಣವನ್ನಲ್ಲ. ಲೆಕ್ಕ ಬರೆದು ಬದುಕಿದವನಿಗೆ ಆ ವ್ಯತ್ಯಾಸ ಗೊತ್ತು. ಆಗಸ್ಟ್ 14, 15 ಮತ್ತು 17ರಂದು ಆ ಡಾಂಗಲನ್ನು ನಮ್ಮ ಮನೆಯಲ್ಲಿ ಬಳಸಲಾಗಿತ್ತೆಂದು ಕಂಪನಿ ಇಂದು ತೋರಿಸಿಕೊಡಲಿ, 3,191 ರೂಪಾಯಿಯಲ್ಲಿ ನನ್ನ 500 ಕಳೆದು 2,691 ರೂಪಾಯಿ 2 ಪೈಸೆಯನ್ನು ಅದೇ ದಿನ ಕಟ್ಟುತ್ತೇನೆ. ತೋರಿಸಲಾಗದಿದ್ದರೆ ಹಾಗೆಂದು ಒಂದು ಸಾಲು ಬರೆದು ಕಳಿಸಲಿ, 500 ರೂಪಾಯಿಯನ್ನು ಅವರೇ ಇಟ್ಟುಕೊಳ್ಳಲಿ.

ಬಿಲ್ಲು, ದುರಸ್ತಿ ಚೀಟಿ, ಚೆಕ್ಕಿನ ಪ್ರತಿಪತ್ರ, ದೂರಿನ ಪತ್ರ, ಸ್ವೀಕೃತಿ ಕಾರ್ಡು, ಮೇಲ್ಮನವಿ ಮತ್ತು ದೂರು ಸಂಖ್ಯೆ ಬರೆದ ಡೈರಿಯ ಪುಟ, ಹೀಗೆ ಏಳು ಹಾಳೆಗಳ ನೆರಳಚ್ಚನ್ನೂ ಕರೆಗಳ ಪಟ್ಟಿಯ ಪ್ರತಿಯನ್ನೂ ತಮ್ಮ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಮೂಲಗಳು ನನ್ನ ಬಳಿ ಇವೆ, ಯಾವಾಗ ಕೇಳಿದರೂ ಹಾಜರುಪಡಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೆಕ್ಕಿಗ,
ಚಿಕ್ಕಮಗಳೂರು.
ನವೆಂಬರ್ 2025